ಗುರುಗಳು ಕುಡಿತ ಬಿಟ್ಟಿದ್ದು

ಎದುರಿಗೆ ಸಿಕ್ಕವರನ್ನೆಲ್ಲ ‘ಏನ್ ಗುರು’ ಎಂದು ಮಾತಾಡಿಸುವ ಜನರ ನಡುವೆ ಆ ಒಬ್ಬ ಲಿಫ್ಟ್ ಮೆಕ್ಯಾನಿಕ್ಕನ್ನು ಮಾತ್ರ ಜೊತೆಗಾರರು ಬಹುವಚನ ಹಚ್ಚಿ ‘ಗುರುಗಳೇ’ ಎಂದು ಕರೆಯುತ್ತಿದ್ದರು. ಗೌರವ ಉಕ್ಕಿ ಬಂದು ಹಾಗೆ ಕರೆಯುತ್ತಿದ್ದರೆಂದು ಯಾರೂ ತಪ್ಪು ತಿಳಿಯಬಾರದು. ಸಂಬಳದ ದಿನ ಸಂಜೆ ಕೈಯ ಗ್ರೀಸು ತೊಳೆದು, ಬಟ್ಟೆ ಬದಲಿಸಿ ನಾಲ್ಕು ಜನ ಬಾರಿನ ಕಡೆ ಮುಖ ಮಾಡಿದರೆ ಸಾಕು, ಇವರು ವರ್ಕ್‌ಶಾಪಿನ ಬಾಗಿಲಿಗೆ ಅಡ್ಡ ನಿಂತು ಲಿವರಿನ ಮೇಲೆ ಉಪನ್ಯಾಸ ಶುರುಮಾಡುತ್ತಿದ್ದರು. ಲಿವರ್ ಹೇಗೆ ಊದುತ್ತದೆ, ಹೇಗೆ ಗಂಟುಗಂಟಾಗುತ್ತದೆ, ಹೊಟ್ಟೆಯಲ್ಲಿ ನೀರು ಹೇಗೆ ತುಂಬುತ್ತದೆ, ಕೊನೆಗೆ ಹೆಂಡತಿ ಮಕ್ಕಳು ಹೇಗೆ ಬೀದಿಗೆ ಬೀಳುತ್ತಾರೆ, ಎಲ್ಲವೂ ಕ್ರಮವಾಗಿ ಬರುತ್ತಿತ್ತು. ಇದನ್ನು ಕೇಳಿ ಕೇಳಿ ಕೇಳುಗರ ಬಾಯಾರಿಕೆ ಇನ್ನಷ್ಟು ಹೆಚ್ಚುತ್ತಿತ್ತು ಎಂಬುದು ಬೇರೆ ಮಾತು.

ಗುರುಗಳು ಸ್ವತಃ ಒಂದು ತೊಟ್ಟೂ ಕುಡಿದವರಲ್ಲ. ಕೆಮ್ಮಿನ ಸಿರಪ್ಪಿನಲ್ಲಿ ಏನೋ ಬೆರೆಸಿರುತ್ತಾರೆ ಎಂದು ಯಾರೋ ಹೇಳಿದ್ದಕ್ಕೆ, ಅದನ್ನು ಮೋರಿಗೆ ಚೆಲ್ಲಿ, ಬರೀ ಬಿಸಿನೀರು ಕುಡಿದು ವಾರಗಟ್ಟಲೆ ಕೆಮ್ಮಿದವರು. ಮದುವೆ ಮನೆಯಲ್ಲಿ ಹಣ್ಣಿನ ರಸ ಕೊಟ್ಟರೂ ಮೊದಲು ಮೂಸಿ ನೋಡುತ್ತಿದ್ದರು. ಅವರ ಖಾಯಂ ವಿದ್ಯಾರ್ಥಿಯೆಂದರೆ ಹೆಂಡತಿಯ ತಮ್ಮ. ಗೋಡೆಗಳಿಗೆ ಬಣ್ಣ ಬಳಿಯುವವನು, ಒಂಟಿ ಮನುಷ್ಯ, ಸಂಜೆಯಾದರೆ ಬಾಟಲಿಯ ಜೊತೆಗೇ ಸಂಸಾರ. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದರೆ ಪಾಪ, ಪ್ರತಿ ತುತ್ತಿಗೂ ಭಾವನ ಉಪದೇಶವನ್ನೇ ನಂಜಿಕೊಳ್ಳಬೇಕಾಗುತ್ತಿತ್ತು. “ಆಯ್ತು ಭಾವ”, “ಬಿಡ್ತೀನಿ ಭಾವ” ಎನ್ನುತ್ತಲೇ ಉಂಡು, ಕೈ ತೊಳೆದು, ನೆಟ್ಟಗೆ ಬಾರಿಗೆ ಹೋಗುತ್ತಿದ್ದ. ಗುರುಗಳೂ ಸೋಲೊಪ್ಪಿದವರಲ್ಲ. ಮುಂದಿನ ಭಾನುವಾರ ಮತ್ತೆ ಲಿವರಿನಿಂದಲೇ ಶುರು.

ಇಂಥವರ ಹೊಟ್ಟೆ ಒಂದು ದಿನ ಊದತೊಡಗಿತು.

ಮೊದಲು ಕೆಟ್ಟದ್ದು ಉಸಿರು. ಈ ಕಸುಬಿನಲ್ಲಿ ಒಂದು ತಮಾಷೆಯಿದೆ. ಜನ ಮೆಟ್ಟಿಲು ಹತ್ತುವ ಕಷ್ಟ ಇಲ್ಲದೆ ಮೇಲೆ ಹೋಗಲಿ ಎಂದು ದುಡಿಯುವ ಮೆಕ್ಯಾನಿಕ್ಕಿಗೆ ಮಾತ್ರ ಯಾವಾಗಲೂ ಮೆಟ್ಟಿಲೇ ಗತಿ. ಲಿಫ್ಟ್ ಚೆನ್ನಾಗಿ ಓಡುವಾಗ ಅವನನ್ನು ಯಾರೂ ನೆನೆಯುವುದಿಲ್ಲ. ಅದು ಕೆಟ್ಟು ನಿಂತಾಗಲೇ ಕರೆಯುವುದು, ಆಗ ಮೋಟಾರಿನ ಕೋಣೆ ತಾರಸಿಯ ಮೇಲೆ ಕೂತು ಇವನನ್ನು ಕಾಯುತ್ತಿರುತ್ತದೆ. ಎಂಟು ಮಹಡಿಯನ್ನು ಬ್ಯಾಗು ಹೆಗಲಿಗೇರಿಸಿ ಒಂದೇ ಉಸಿರಿಗೆ ಹತ್ತುತ್ತಿದ್ದ ಗುರುಗಳು ಈಗ ಮಹಡಿಗೊಮ್ಮೆ ಮೆಟ್ಟಿಲ ಕಂಬಿ ಹಿಡಿದು ನಿಲ್ಲತೊಡಗಿದರು. ಆಮೇಲೆ ಬೂಟು ಬಿಗಿಯಾಯಿತು. ಸಂಜೆ ಕಾಲುಚೀಲ ಬಿಚ್ಚಿದರೆ ಅದರ ಅಚ್ಚು ಮಾರನೇ ದಿನದವರೆಗೂ ಕಾಲಿನ ಮೇಲೆ ಉಳಿಯುತ್ತಿತ್ತು. ಅದಾದ ಮೇಲೆ ಹೊಟ್ಟೆ. ತೋಳು ಕಡ್ಡಿಯಾಯಿತು, ಕೆನ್ನೆ ಒಳಗೆ ಹೋಯಿತು, ಹೊಟ್ಟೆ ಮಾತ್ರ ಗುಡಾಣವಾಯಿತು. ಕಂಪನಿಯ ಅಂಗಿಯ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು.

ಕನ್ನಡಕದ ಅಂಗಡಿಯಲ್ಲಿ ಕೌಂಟರಿನ ಹಿಂದೆ ದಿನವಿಡೀ ನಿಂತು ದುಡಿಯುತ್ತಿದ್ದ ಹೆಂಡತಿ, ಮೂರನೇ ಸಲ ಗುಂಡಿ ಹಚ್ಚಿಕೊಡುವಾಗ ಹೇಳಿದಳು: “ಇನ್ನು ದಾರ ಇಲ್ಲ. ಡಾಕ್ಟರ ಹತ್ರ ಹೋಗೋಣ ನಡೀರಿ.”

ಹೊಟ್ಟೆಯ ಡಾಕ್ಟರು ಹೆಸರುವಾಸಿ. ಹೊರಗೆ ಕುರ್ಚಿಗಳಿಗಿಂತ ಜನ ಹೆಚ್ಚು, ಒಳಗೆ ಮಾತಿಗಿಂತ ಅವಸರ ಹೆಚ್ಚು. ಗುರುಗಳನ್ನು ಮಲಗಿಸಿ ಹೊಟ್ಟೆ ಒತ್ತಿ, ಬೆರಳಿನಿಂದ ತಟ್ಟಿ, ಸ್ಕ್ಯಾನಿನ ಚಿತ್ರವನ್ನು ದೀಪಕ್ಕೆ ಹಿಡಿದು ನೋಡಿದರು. ಲಿವರ್ ಊದಿತ್ತು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಗುರುಗಳ ಉಪನ್ಯಾಸದ ಮೊದಲರ್ಧ ಅಕ್ಷರಶಃ ಅಲ್ಲಿ ಮಲಗಿತ್ತು.

“ಎಷ್ಟು ಕುಡಿತೀರಿ?” ಡಾಕ್ಟರು ಕೇಳಿದರು.

“ನಾನು ಕುಡಿಯಲ್ಲ ಸಾರ್.”

“ಈಗ ಅಲ್ಲ, ಮುಂಚೆ.”

“ಮುಂಚೇನೂ ಇಲ್ಲ.”

“ಬಿಯರ್ ಕುಡಿದ್ರೂ ಕುಡಿದ ಹಾಗೇ ಲೆಕ್ಕ.”

“ಬಿಯರೂ ಇಲ್ಲ ಸಾರ್. ಬೇಕಾದ್ರೆ ಇವಳನ್ನ ಕೇಳಿ.”

ಡಾಕ್ಟರು ಲೋಕ ಕಂಡವರ ನಗು ನಕ್ಕು ಹೆಂಡತಿಯ ಕಡೆ ತಿರುಗಿದರು. “ಅಮ್ಮ, ನೀವೊಂದು ನಿಮಿಷ ಹೊರಗಿರಿ. ಗಂಡಸರು ಹೆಂಡತಿ ಎದುರು ಬಾಯಿ ಬಿಡಲ್ಲ.” ಅವಳು ಹೊರಗೆ ಹೋದ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಹಾಂ, ಈಗ ಹೇಳಿ” ಎಂದರು.

ಗುರುಗಳು ಹೇಳಿದರು. ಕೆಮ್ಮಿನ ಸಿರಪ್ಪನ್ನು ಮೋರಿಗೆ ಚೆಲ್ಲಿದ್ದನ್ನೂ ಹೇಳಿದರು. ಡಾಕ್ಟರು ತಲೆಯಾಡಿಸುತ್ತ ಕೇಳಿ, ಚೀಟಿಯ ಮೇಲೆ ‘ಮದ್ಯಪಾನ ಸಂಪೂರ್ಣ ನಿಲ್ಲಿಸಬೇಕು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಇಷ್ಟು ಖಡಾಖಂಡಿತವಾಗಿ ಇಲ್ಲ ಎನ್ನುವವನು ಎಷ್ಟು ಕುಡಿಯುತ್ತಿರಬಹುದು ಎಂದು ಅವರಿಗೆ ನಿಜಕ್ಕೂ ಗಾಬರಿಯಾದಂತಿತ್ತು.

ಸೂಜಿ ಚುಚ್ಚಿ ಹೊಟ್ಟೆಯ ನೀರು ತೆಗೆದರು. ಉಪ್ಪು ಬಿಡಿಸಿದರು, ನೀರಿಳಿಯಲು ಮಾತ್ರೆ ಕೊಟ್ಟರು. ಕೆಲವೇ ವಾರಗಳಲ್ಲಿ ಹೊಟ್ಟೆ ಮತ್ತೆ ಮೊದಲಿನಂತೆ ತುಂಬಿಕೊಂಡಿತು. “ಇನ್ನೂ ಬಿಟ್ಟಿಲ್ಲ ಅನ್ಸುತ್ತೆ” ಎಂದು ಡಾಕ್ಟರು ಹೆಂಡತಿಗೆ ಹೇಳಿದರು, ಗುರುಗಳು ಅಲ್ಲೇ ಕೂತಿದ್ದಂತೆಯೇ.

ಇಂಥ ಸುದ್ದಿಗೆ ಕಾಲು ಬೇಕಿಲ್ಲ. ಔಷಧಿ ಅಂಗಡಿಯಿಂದ ಹಾಲಿನ ಬೂತಿಗೆ, ಅಲ್ಲಿಂದ ವರ್ಕ್‌ಶಾಪಿಗೆ ಅದು ಗುರುಗಳಿಗಿಂತ ಮುಂಚೆಯೇ ತಲುಪಿತ್ತು. ವರ್ಷಾನುಗಟ್ಟಲೆ ಬಾಗಿಲಲ್ಲಿ ಉಪನ್ಯಾಸ ಕೇಳಿದವರಿಗೆ ಆದ ಸಂತೋಷವನ್ನು ವರ್ಣಿಸುವುದು ಕಷ್ಟ. ಅವರು ಅದನ್ನು ಸಹಾನುಭೂತಿಯ ಹೊದಿಕೆಯೊಳಗೆ ಸುತ್ತಿ ತಂದರು. “ಹೋಗ್ಲಿ ಬಿಡಿ ಗುರುಗಳೇ, ಮನುಷ್ಯ ಅಂದ್ಮೇಲೆ ಇರುತ್ತೆ” ಎಂದು ಬೆನ್ನು ತಟ್ಟಿದರು. “ಒಬ್ಬರೇ ಕೂತು ಕುಡಿಯೋದು ಒಳ್ಳೇದಲ್ಲ. ನಮ್ಮ ಜೊತೆ ಬಂದಿದ್ರೆ ಒಂದು ಮಿತಿ ಇರ್ತಿತ್ತು” ಎಂದೊಬ್ಬ ಬುದ್ಧಿ ಹೇಳಿದ. ಅಲ್ಲಗಳೆದಷ್ಟೂ ಅವರ ಕಣ್ಣುಗಳಲ್ಲಿ ಕರುಣೆ ಹೆಚ್ಚಾಯಿತು.

ಬೇರೆ ಊರಿಗೆ ಮದುವೆಯಾಗಿ ಹೋದ ಮಗಳು ಫೋನು ಮಾಡಿದಳು. “ಅಪ್ಪ, ನನ್ನ ಹತ್ರ ಆದ್ರೂ ನಿಜ ಹೇಳು.”

“ನಿಜ ಹೇಳಿದ್ರೆ ನಿಮಗೆಲ್ಲ ಸಾಲದಲ್ಲ” ಎಂದು ಗುರುಗಳು ಫೋನಿಟ್ಟರು.

ಆದರೆ ಹೆಂಡತಿಯ ತಮ್ಮ, ಆ ಬಣ್ಣದವನು ಬಂದಾಗ ಆದದ್ದನ್ನು ಮಾತ್ರ ಅವರು ಬದುಕಿರುವವರೆಗೆ ಮರೆಯುವಂತಿಲ್ಲ. ಅಕ್ಕ ಅಡಿಗೆ ಮನೆಗೆ ಹೋಗುವುದನ್ನೇ ಕಾದಿದ್ದು, ಭಾವನ ಪಕ್ಕ ಸರಿದು ಕೂತು, ದನಿ ತಗ್ಗಿಸಿ ಕೇಳಿದ: “ಭಾವ, ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಯಾವ ಬ್ರ್ಯಾಂಡು?”

ಗುರುಗಳು ಅಡಿಗೆ ಮನೆಯ ಬಾಗಿಲ ಕಡೆ ನೋಡಿದರು.

“ಅಲ್ಲ, ಕಮ್ಮಿ ಬೆಲೆದಾದ್ರೆ ಲಿವರ್ ಬೇಗ ಹೋಗುತ್ತೆ, ಅದಕ್ಕೆ ಕೇಳಿದೆ. ಮತ್ತೆ ಒಂದೇ ಸಲ ಬಿಡಬೇಡಿ ಭಾವ. ಕೈ ನಡುಗುತ್ತೆ. ದಿನಾ ಒಂದೊಂದು ಗುಟುಕು ಕಮ್ಮಿ ಮಾಡ್ತಾ ಬನ್ನಿ. ಕಷ್ಟ ಆದ್ರೆ ನನ್ನ ಕರೀರಿ, ನಾನಿದ್ದೀನಿ.”

ಹುಡುಗಾಟಕ್ಕೆ ಹೇಳಿದ್ದಲ್ಲ. ಅವನ ಕಣ್ಣಲ್ಲಿ ನೀರಿತ್ತು. ಭಾವ ತನ್ನವನೇ ಎಂದು ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಅನ್ನಿಸಿತ್ತು. ಗುರುಗಳು ಎದ್ದು ಬಚ್ಚಲ ಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತರು.

ಇಷ್ಟನ್ನೂ ಅವರು ನುಂಗಿಕೊಂಡರು. ನುಂಗಲಾಗದ್ದು ಇನ್ನೊಂದಿತ್ತು. ಒಂದು ಭಾನುವಾರ ಮಧ್ಯಾಹ್ನ ಮಲಗಿ ಎದ್ದು ಬಂದರೆ, ಹೆಂಡತಿ ಅವರ ಸಾಮಾನಿನ ಬ್ಯಾಗನ್ನು ಮುಂದಿಟ್ಟುಕೊಂಡು ಕೂತಿದ್ದಳು. ಸ್ಪ್ಯಾನರುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಿದ್ದಳು. ಇವರನ್ನು ಕಂಡು ಡಬ್ಬಿ ಕೆಳಗಿಟ್ಟಳು. ಗುರುಗಳು ಸ್ಪ್ಯಾನರುಗಳನ್ನು ಒಂದೊಂದಾಗಿ ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಅವತ್ತಿನಿಂದ ಅವರ ಉಪದೇಶ ನಿಂತಿತು. ತನ್ನ ಹೆಂಡತಿಯನ್ನೇ ನಂಬಿಸಲಾಗದವನು ಊರಿಗೆ ಏನು ಹೇಳುವುದು?

ಸೂಪರ್‌ವೈಸರು ಎತ್ತರದ ಕಟ್ಟಡಗಳಿಂದ ಇವರನ್ನು ತೆಗೆದು, ಡಾಕ್ಟರುಗಳ ಕ್ಲಿನಿಕ್ಕುಗಳೇ ತುಂಬಿದ ಐದು ಮಹಡಿಯ ಕಟ್ಟಡಕ್ಕೆ ಹಾಕಿದ. “ಅಲ್ಲಾದ್ರೆ ಏನಾದ್ರೂ ಆದ್ರೂ ನೋಡ್ಕೊಳ್ಳೋರು ಇರ್ತಾರೆ” ಎಂದ. ಬಾಯಿಯ ವಾಸನೆ ಸಿಗುತ್ತದೋ ಎಂದು ಅವನು ಮಾತಾಡುವಾಗ ಸ್ವಲ್ಪ ಮುಂದಕ್ಕೆ ಬಾಗಿದ್ದು ಗುರುಗಳ ಗಮನಕ್ಕೆ ಬಾರದಿರಲಿಲ್ಲ.

ಒಂದು ಬೆಳಿಗ್ಗೆ ಆ ಕಟ್ಟಡದ ಲಿಫ್ಟು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತುಬಿಟ್ಟಿತು. ಒಳಗೆ ಮೂರನೇ ಮಹಡಿಯ ಹೃದಯದ ಡಾಕ್ಟರಮ್ಮ ಸಿಕ್ಕಿಕೊಂಡಿದ್ದರು, ಒಬ್ಬರೇ. ಗುರುಗಳು ಮೆಟ್ಟಿಲು ಹಿಡಿದರು. ಒಂದು ಮಹಡಿ ಹತ್ತುವುದು, ಮೆಟ್ಟಿಲ ಮೇಲೆ ಕೂರುವುದು, ಮತ್ತೆ ಏಳುವುದು. ಲಿಫ್ಟಿನೊಳಗಿಂದ ಡಾಕ್ಟರಮ್ಮ ಬಾಗಿಲು ಬಡಿಯುತ್ತಿದ್ದರು. “ಬಂದೆ ಮೇಡಂ” ಎನ್ನಲೂ ಇವರಿಗೆ ಉಸಿರು ಸಾಲದು. ಅಂತೂ ತಾರಸಿ ಸೇರಿ, ಕರೆಂಟು ತೆಗೆದು, ಬ್ರೇಕು ಸಡಿಲಿಸಿ, ಮೋಟಾರಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ಲಿಫ್ಟನ್ನು ಮೂರನೇ ಮಹಡಿಯ ಮಟ್ಟಕ್ಕೆ ತಂದರು. ಇಳಿದು ಬಂದು ಕೀಲಿ ಹಾಕಿ ಬಾಗಿಲು ಸರಿಸಿದರು.

ಡಾಕ್ಟರಮ್ಮ ಬೈಯುವುದಕ್ಕೆಂದೇ ಬಾಯಿ ತೆರೆದುಕೊಂಡು ಹೊರಗೆ ಬಂದರು. ಬಾಗಿಲಿಗೆ ಒರಗಿ ಏದುಸಿರು ಬಿಡುತ್ತಿದ್ದ ಈ ಮನುಷ್ಯನ ಮುಖ ನೋಡಿದರು, ಆಮೇಲೆ ಕುತ್ತಿಗೆ ನೋಡಿದರು. ಕಿವಿಯ ಕೆಳಗಿನಿಂದ ಕಾಲರಿನವರೆಗೆ ನರ ಹಗ್ಗದಂತೆ ಉಬ್ಬಿತ್ತು. ಬೈಗುಳ ಬಾಯಲ್ಲೇ ಉಳಿಯಿತು.

“ಅಲ್ಲೇ ಇರಿ. ತಲೆ ಸ್ವಲ್ಪ ಆ ಕಡೆ ತಿರುಗಿಸಿ.”

“ಮೇಡಂ, ನಾನು ಕುಡಿಯಲ್ಲ.”

“ನಾನು ಕೇಳ್ಲಿಲ್ಲವಲ್ಲ.”

“ಕೇಳ್ತೀರಿ ಅಂತ ಮೊದಲೇ ಹೇಳಿದೆ.”

ಡಾಕ್ಟರಮ್ಮ ನಗಲಿಲ್ಲ. ತೋಳು ಹಿಡಿದು ತಮ್ಮ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಉಸಿರು ಜೋರಾಗಿ ಎಳೆದುಕೊಳ್ಳಲು ಹೇಳಿ ಮತ್ತೆ ಕುತ್ತಿಗೆ ನೋಡಿದರು. ಇಳಿಯಬೇಕಾದ ನರ ಇನ್ನಷ್ಟು ಏರಿತು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹೊರಗೆ ಅವರ ರೋಗಿಗಳು ಗಡಿಯಾರ ನೋಡುತ್ತ ಗೊಣಗುತ್ತಿದ್ದರು. ಗುರುಗಳು ಲಿಫ್ಟಿನ ಬಾಗಿಲಲ್ಲೇ ಬಿಟ್ಟು ಬಂದ ಬ್ಯಾಗಿನ ಚಿಂತೆ ಮಾಡುತ್ತಿದ್ದರು.

ವಾರದೊಳಗೆ ಪರೀಕ್ಷೆಗಳೆಲ್ಲ ಮುಗಿದವು. ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಪರದೆಯ ಮೇಲೆ ಚಿತ್ರ ತೋರಿಸಿದರು. ಬೂದು ಬಣ್ಣದ ಗುಂಡಿಗೆ, ಅದರ ಸುತ್ತ ಬೆಳ್ಳಗಿನ ಒಂದು ಅಂಚು.

“ಗುಂಡಿಗೆ ಸುತ್ತ ಒಂದು ಪೊರೆ ಇರುತ್ತೆ. ತೆಳ್ಳಗೆ, ಮೆತ್ತಗೆ. ನಿಮ್ಮದು ದಪ್ಪ ಆಗಿ ಸುಣ್ಣ ಕಟ್ಟಿದೆ. ಚಿಪ್ಪಿನ ಹಾಗೆ ಗಟ್ಟಿಯಾಗಿ ಗುಂಡಿಗೆಯನ್ನ ಹಿಡ್ಕೊಂಡುಬಿಟ್ಟಿದೆ. ಅದು ಹಿಗ್ಗೋಕೆ ಜಾಗ ಇಲ್ಲ, ಹಿಗ್ಗದಿದ್ರೆ ರಕ್ತ ತುಂಬ್ಕೊಳ್ಳಲ್ಲ. ಒಳಗೆ ಹೋಗಲಾಗದ ರಕ್ತ ಹಿಂದೆ ಲಿವರಿನಲ್ಲಿ ನಿಲ್ಲುತ್ತೆ, ಕಾಲಲ್ಲಿ ನಿಲ್ಲುತ್ತೆ. ಹೊಟ್ಟೇಲಿ ನೀರು ಬಂದಿದ್ದು ಅದರಿಂದ. ಲಿವರ್ ತಾನಾಗಿ ಕೆಟ್ಟಿದ್ದಲ್ಲ.”

ಹೆಂಡತಿ ಚಿತ್ರ ನೋಡುವುದನ್ನು ಬಿಟ್ಟು ನೆಲ ನೋಡತೊಡಗಿದಳು.

“ಕುಡಿತದಿಂದ ಬಂದಿದ್ದಲ್ಲ ಅಂತೀರಾ?” ಗುರುಗಳು ಕೇಳಿದರು.

“ಕುಡಿತಕ್ಕೂ ಇದಕ್ಕೂ ಸಂಬಂಧ ಇಲ್ಲ.”

“ಇನ್ನೊಂದು ಸಲ ಹೇಳಿ ಮೇಡಂ. ಸ್ವಲ್ಪ ಜೋರಾಗಿ.”

ಡಾಕ್ಟರಮ್ಮ ಇನ್ನೊಂದು ಸಲ ಹೇಳಿದರು. ಎದೆ ಸೀಳಿ ಆ ಪೊರೆಯನ್ನು ಬಿಡಿಸಿ ತೆಗೆಯದೆ ಬೇರೆ ದಾರಿಯಿಲ್ಲ, ಅದು ಸಣ್ಣ ಆಪರೇಷನ್ ಅಲ್ಲ, ಮೇಜಿನ ಮೇಲೆಯೇ ಹೋದವರೂ ಇದ್ದಾರೆ ಎಂದೂ ಹೇಳಿದರು. ಗುರುಗಳು ಮುಖ ಅರಳಿಸಿಕೊಂಡೇ ಕೇಳಿದರು. ಜೀವ ಹೋಗಬಹುದು ಎಂಬ ಸುದ್ದಿಯನ್ನು ಅಷ್ಟು ಖುಷಿಯಿಂದ ಕೇಳಿದ ಮನುಷ್ಯನನ್ನು ಡಾಕ್ಟರಮ್ಮ ಅದುವರೆಗೆ ಕಂಡಿರಲಿಕ್ಕಿಲ್ಲ.

“ಅದಾಗ್ಲಿ ಮೇಡಂ. ನಾನು ಕುಡಿಯಲ್ಲ ಅಂತ ಒಂದು ಹಾಳೇಲಿ ಬರೆದು ಸೀಲು ಹಾಕಿ ಕೊಡ್ತೀರಾ?”

“ಅಂಥದ್ದನ್ನೆಲ್ಲ ನಾವು ಬರೆಯೋ ಹಾಗಿಲ್ಲ” ಎಂದು ಡಾಕ್ಟರಮ್ಮ ಮುಂದಿನ ಪ್ರಶ್ನೆಗೆ ಹೋದರು. “ಮುಂಚೆ ಯಾವಾಗಲಾದ್ರೂ ಎದೆನೋವು, ಜ್ವರ, ಎದೇಲಿ ನೀರು ಅಂತ ಆಗಿತ್ತಾ?”

ಆಗಿತ್ತು. ಮಗಳು ಚಿಕ್ಕವಳಿದ್ದಾಗ. ಕ್ಷಯದ ಸೋಂಕು ಎಂದು ಆರು ತಿಂಗಳಿಗೆ ಮಾತ್ರೆ ಕೊಟ್ಟಿದ್ದರು.

“ಪೂರ್ತಿ ತಗೊಂಡ್ರಾ?”

ಗುರುಗಳು ಅಂಗಿಯ ಗುಂಡಿ ಸರಿಮಾಡಿಕೊಂಡರು. “ಎರಡು ತಿಂಗಳಿಗೇ ಹುಷಾರಾಗಿತ್ತು ಮೇಡಂ. ಮತ್ತೆ ಯಾಕೆ ಸುಮ್ನೆ ಅಂತ…”

ಹೆಂಡತಿ ನೆಲ ನೋಡುವುದನ್ನು ಬಿಟ್ಟು ಗಂಡನ ಮುಖ ನೋಡಿದಳು. ಊರಿಗೆಲ್ಲ ಶಿಸ್ತು ಹೇಳುತ್ತಿದ್ದ ಮುಖ ಅದು. ಈಗ ನೆಲ ನೋಡುವ ಸರದಿ ಗುರುಗಳದ್ದಾಯಿತು.

ಆಪರೇಷನ್‌ಗೆ ರಕ್ತ ಕೊಡುವವರನ್ನು ಕರೆತರಬೇಕೆಂದು ಆಸ್ಪತ್ರೆಯವರು ಹೇಳಿದರು. ಗುರುಗಳ ಜನಪ್ರಿಯತೆ ಅವತ್ತು ಬಯಲಾಯಿತು. ವರ್ಕ್‌ಶಾಪಿನಿಂದ ಒಂದು ವ್ಯಾನು ತುಂಬ ಜನ ಬಂದರು. ರಕ್ತ ತೆಗೆಯುವ ಕೋಣೆಯ ನರ್ಸು ಬಾಗಿಲಲ್ಲೇ ಕೇಳುತ್ತಿದ್ದಳು: “ನಿನ್ನೆ ಕುಡಿದಿದ್ರಾ?” ಹಿಂದಿನ ದಿನ ಸಂಬಳವಾಗಿತ್ತು. ಒಬ್ಬೊಬ್ಬರೇ ಮುಖ ಹುಳ್ಳಗೆ ಮಾಡಿಕೊಂಡು ಹೊರಗಿನ ಬೆಂಚಿಗೆ ಬಂದು ಕೂತರು. ಎಲ್ಲರಿಗಿಂತ ಮೊದಲು ಅಂಗಿಯ ತೋಳು ಮಡಚಿಕೊಂಡು ನಿಂತಿದ್ದವನು ಬಣ್ಣದವನು. ಅವನನ್ನು ನರ್ಸು ಕೇಳಲೂ ಇಲ್ಲ. ಗಾಳಿಯಲ್ಲೇ ಉತ್ತರವಿತ್ತು.

“ನಮ್ಮ ಭಾವ ಸಿಸ್ಟರ್. ನನ್ನದೂ ಅದೇ ಗುಂಪು. ಪರೀಕ್ಷೆ ಮಾಡಿ ನೋಡಿ ಬೇಕಾದ್ರೆ.”

“ಗುಂಪು ಸರಿ ಇದೆ ಅಣ್ಣ. ರಕ್ತ ಸರಿ ಇಲ್ಲ” ಎಂದು ಅವಳು ಮುಂದಿನವರನ್ನು ಕರೆದಳು.

ಕೊನೆಗೆ ಕೊಟ್ಟವರು ಯಾರೆಂದರೆ ಹೆಂಡತಿಯ ಅಂಗಡಿಯ ಇಬ್ಬರು ಹುಡುಗಿಯರು, ಮತ್ತೆ ಬಾಯಿಯ ವಾಸನೆ ಹುಡುಕಿದ್ದ ಆ ಸೂಪರ್‌ವೈಸರು. ಅವನು ಸಕ್ಕರೆ ಕಾಯಿಲೆಯ ಭಯದಿಂದ ಕುಡಿತ ಬಿಟ್ಟು ವರ್ಷವಾಗಿತ್ತಂತೆ. ಮರ್ಯಾದೆ ಹೋಗುತ್ತದೆಂದು ಯಾರಿಗೂ ಹೇಳಿರಲಿಲ್ಲ.

ಇದೆಲ್ಲ ಗುರುಗಳಿಗೆ ಗೊತ್ತಾದದ್ದು ಆಮೇಲೆ. ಆಗ ಅವರು ಎದೆಯ ಕೂದಲು ಬೋಳಿಸಿಕೊಂಡು, ಹಿಂದೆ ಕಟ್ಟುವ ಹಸಿರು ಅಂಗಿ ತೊಟ್ಟು, ತಳ್ಳುವ ಮಂಚದ ಮೇಲೆ ಮಲಗಿದ್ದರು. ಮಂಚ ಲಿಫ್ಟಿನೊಳಗೆ ಹೋಗುವಾಗ ಹೊಸ್ತಿಲಿಗೆ ತಗಲಿ ಕುಲುಕಿತು. “ಇದು ಅರ್ಧ ಇಂಚು ಕೆಳಗೆ ನಿಲ್ತಿದೆ” ಎಂದರು. ಮಂಚ ತಳ್ಳುವ ಆಳುಗಳು, ಇವರು ಭಯಕ್ಕೆ ಬಡಬಡಿಸುತ್ತಿದ್ದಾರೆಂದು ತಿಳಿದು, “ಏನೂ ಆಗಲ್ಲ ಯಜಮಾನ್ರೇ” ಎಂದು ಸಮಾಧಾನ ಹೇಳಿದರು. ಭಯ ಇರಲಿಲ್ಲವೆಂದಲ್ಲ. ದೊಡ್ಡ ದೀಪದ ಕೆಳಗೆ ಮಲಗಿ, ಮುಖವಾಡಗಳು ಬಾಗಿ ನೋಡುವಾಗ, ಈಗ ಸತ್ತರೆ ಜನ ‘ಕುಡಿದು ಸತ್ತ’ ಎನ್ನುತ್ತಾರಲ್ಲ ಎಂಬ ಯೋಚನೆ ಬಂತು. ಅಷ್ಟರಲ್ಲಿ ಮಂಪರು ಆವರಿಸಿತು.

ಸರ್ಜನ್ನು ಮಿತಭಾಷಿ. ಹಗಲೆಲ್ಲ ನಿಂತು ಮಾಡಿದ ಕೆಲಸವನ್ನು ಮಾರನೇ ದಿನ ಎರಡೇ ಮಾತಿನಲ್ಲಿ ಮುಗಿಸಿದರು. ಎದೆಯ ಮೂಳೆಯನ್ನು ನಡುವೆ ಸೀಳಿ, ಗಟ್ಟಿಯಾದ ಪೊರೆಯನ್ನು ಗುಂಡಿಗೆಯ ಮೈಯಿಂದ ಚೂರುಚೂರಾಗಿ ಬಿಡಿಸಿ ತೆಗೆದಿದ್ದರು. ಕೆಲವೆಡೆ ಎಷ್ಟು ಬಲವಾಗಿ ಅಂಟಿತ್ತೆಂದರೆ ಗುಂಡಿಗೆಯೇ ಹರಿದೀತೆಂದು ಅಲ್ಲಲ್ಲಿ ತುಣುಕು ಬಿಡಬೇಕಾಯಿತು. ಉಳಿದಂತೆ ಎಲ್ಲ ಬಂದಿತ್ತು.

“ಅದರ ಬದಲಿಗೆ ಏನು ಹಾಕಿದ್ರಿ ಸಾರ್?” ಗುರುಗಳು ಸಣ್ಣ ದನಿಯಲ್ಲಿ ಕೇಳಿದರು.

“ಏನೂ ಇಲ್ಲ.”

“ಮುಚ್ಚಳ ಇಲ್ದೆ ಹಾಗೇ ಬಿಟ್ಟಿದ್ದೀರಾ?”

“ಅದಿಲ್ದೆ ನಡೆಯುತ್ತೆ.”

“ನಮ್ಮಲ್ಲಿ ಕವರ್ ಬಿಚ್ಚಿ ವಾಪಸ್ ಹಾಕದೆ ಬಂದ್ರೆ ಕೆಲಸದಿಂದ ತೆಗೀತಾರೆ ಸಾರ್.”

ಸರ್ಜನ್ನಿನ ಮುಖದಲ್ಲಿ ನಗುವಿನಂಥದ್ದೇನೋ ಸುಳಿದು ಹೋಯಿತೆಂದು ನರ್ಸುಗಳು ಆಮೇಲೆ ಮಾತಾಡಿಕೊಂಡರು. ಆ ವಾರ್ಡಿನಲ್ಲಿ ಅದು ದೊಡ್ಡ ಸುದ್ದಿ.

ಎದೆಯ ಮೂಳೆಯನ್ನು ತಂತಿಯಲ್ಲಿ ಬಿಗಿದಿದ್ದರು. ಕೆಮ್ಮಬೇಕಾದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಎರಡು ಕಡೆ ಕೊಳವೆ, ಮೂಗಿಗೆ ಕೊಳವೆ, ಕೆಳಗೂ ಕೊಳವೆ. ಆದರೆ ಬೀಗಿ ನಿಂತಿದ್ದ ದೇಹ ಕಟ್ಟೆ ಒಡೆದಂತೆ ನೀರು ಬಿಡತೊಡಗಿತ್ತು. ಮಂಚದ ಪಕ್ಕದ ಚೀಲವನ್ನು ಆಯಾ ಖಾಲಿ ಮಾಡಿ ಮಾಡಿ ಸುಸ್ತಾದಳು. ಕಾಲಿನ ಮೂಳೆಗಳು ಮರಳಿ ಕಾಣಿಸಿಕೊಂಡವು. ಕುತ್ತಿಗೆಯ ಹಗ್ಗ ಮಾಯವಾಯಿತು. ಮತ್ತೆ ಹಸಿವು. ಆಸ್ಪತ್ರೆಯ ಉಪ್ಪಿಲ್ಲದ ಗಂಜಿಯನ್ನು ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡ ರೋಗಿಯೆಂದರೆ ಅವರೊಬ್ಬರೇ ಇರಬೇಕು.

ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತು ಕೈಯ ಉಗುರು ನೋಡುತ್ತಿದ್ದವಳು ಒಮ್ಮೆ ಹೇಳಿದಳು: “ಅವತ್ತು ನಿಮ್ಮ ಬ್ಯಾಗು ಹುಡುಕಿದ್ದು…”

“ಏನು ಸಿಕ್ತು?”

“ಸ್ಪ್ಯಾನರು.”

“ಎಷ್ಟನೇ ನಂಬರಿಂದು?”

ಅವಳಿಗೆ ನಗು ಬಂತು. ಅದನ್ನು ಕಂಡು ಇವರಿಗೂ ಬಂತು. ನಕ್ಕರೆ ಎದೆಯೇ ಎರಡು ಹೋಳಾದಂತೆ ನೋವು. “ನಗಿಸಬೇಡ, ತಂತಿ ಕಿತ್ಕೊಳ್ಳುತ್ತೆ” ಎಂದು ದಿಂಬು ಅವುಚಿಕೊಂಡರು. ಅವಳು ನಗುತ್ತಲೇ ಅಳತೊಡಗಿದಳು. ಅವರು ಒಂದು ಕೈಯಿಂದ ದಿಂಬು ಹಿಡಿದು ಇನ್ನೊಂದನ್ನು ಅವಳ ಕಡೆ ಚಾಚಿದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಮುಗಿಯದಿದ್ದದ್ದು ಊರಿನ ಮಾತು. ಕೆಲವು ತಿಂಗಳಲ್ಲಿ ಗುರುಗಳ ಹೊಟ್ಟೆ ಅಂಗಿಯೊಳಗೆ ಸೇರಿಕೊಂಡಿತು, ಕೆನ್ನೆ ತುಂಬಿತು, ಮುಖಕ್ಕೆ ಕಳೆ ಬಂತು. ಅಂದರೆ ಪುರಾವೆ ಸಿಕ್ಕಂತಾಯಿತು. “ನೋಡಿ, ಕುಡಿತ ಬಿಟ್ಟ ಮೇಲೆ ಹೇಗಾಗಿದ್ದಾರೆ” ಎಂದು ಹಾಲಿನ ಬೂತಿನವನು ಗಿರಾಕಿಗಳಿಗೆ ತೋರಿಸಿ ಹೇಳಿದ. ಗುರುಗಳು ಅಂಗಿಯ ಗುಂಡಿ ಬಿಚ್ಚಿ ಎದೆಯ ನಡುವಿನ ಉದ್ದದ ಗಾಯದ ಗುರುತು ತೋರಿಸಿದರು.

“ಲಿವರ್ ಆಪರೇಷನ್ ಎದೆಗೆ ಯಾಕೆ ಮಾಡ್ತಾರೆ ಹೇಳು?”

ಬೂತಿನವನು ಆ ಗೆರೆಯನ್ನು ಗಮನವಿಟ್ಟು ನೋಡಿ, “ಈಗೆಲ್ಲ ಮೇಲಿಂದಲೇ ಮಾಡ್ತಾರಂತೆ” ಎಂದ.

ಹೊಟ್ಟೆಯ ಡಾಕ್ಟರರ ಬಳಿಗೂ ಗುರುಗಳು ಹಟಹಿಡಿದು ಹೋದರು. ವರದಿ, ಚಿತ್ರ, ಗಾಯ ಎಲ್ಲವನ್ನೂ ಮುಂದಿಟ್ಟರು. ಡಾಕ್ಟರು ಎಲ್ಲವನ್ನೂ ತಿರುವಿ ಹಾಕಿ, ಕನ್ನಡಕ ತೆಗೆದು ಒರೆಸಿ, “ಹಾಗಾದ್ರೆ ಎರಡೂ ಇತ್ತು ಅಂತ ಕಾಣುತ್ತೆ” ಎಂದು ತೀರ್ಪು ಕೊಟ್ಟರು.

ಈ ನಡುವೆ ಬಣ್ಣದವನು ಕುಡಿತ ಬಿಟ್ಟಿದ್ದ. ಯಾರ ಉಪದೇಶವೂ ಇಲ್ಲದೆ, ರಕ್ತದ ಕೋಣೆಯ ಬೆಂಚಿನಿಂದ ಎದ್ದವನು ನೆಟ್ಟಗೆ ಮನೆಗೆ ಹೋಗಿ ಬಾಟಲಿಗಳನ್ನು ಚೆಲ್ಲಿದ್ದನಂತೆ. ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಒಂದು ಕೂಟಕ್ಕೂ ಹೋಗತೊಡಗಿದ್ದ. ಅಲ್ಲಿಗೆ ಭಾವನನ್ನು ಕರೆದ. ತಮ್ಮ ಇಷ್ಟು ವರ್ಷದ ಶ್ರಮಕ್ಕೆ ಫಲ ಬಂತೆಂದು ಗುರುಗಳು ಇಸ್ತ್ರಿ ಅಂಗಿ ತೊಟ್ಟು ಹೋದರು.

ಪ್ಲಾಸ್ಟಿಕ್ ಕುರ್ಚಿಗಳ ಒಂದು ಹಜಾರ, ಗೋಡೆಗೆ ಫ್ಯಾನು, ಹದಿನೈದಿಪ್ಪತ್ತು ಜನ. ಬಣ್ಣದವನು ಎದ್ದು ನಿಂತು ಹೇಳಿದ: “ಇವರು ನಮ್ಮ ಭಾವ. ನನಗಿಂತ ಜಾಸ್ತಿ ಕುಡಿತಿದ್ರು, ಯಾರಿಗೂ ಗೊತ್ತಾಗದ ಹಾಗೆ. ಸಾವಿನ ಬಾಗಿಲಿಗೆ ಹೋಗಿ ಬಂದ್ರು. ಇವರು ಬಿಟ್ಟರು ಅಂತ ನಾನೂ ಬಿಟ್ಟೆ. ಇವರಿಗೇ ಆಗುತ್ತೆ ಅಂದ್ರೆ ನನಗೆ ಯಾಕಾಗಲ್ಲ?”

ಚಪ್ಪಾಳೆ ಬಿತ್ತು. ಗುರುಗಳು ತಿದ್ದುಪಡಿ ಹೇಳಲು ಎದ್ದರು. ಬಾಯಿ ತೆರೆದರು. ಪಕ್ಕದಲ್ಲಿ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ ಬಣ್ಣದವನ ಕೈ ಸಣ್ಣಗೆ ನಡುಗುತ್ತಿತ್ತು, ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಮೆತ್ತಿಕೊಂಡಿತ್ತು. ಗುರುಗಳದು ಲಿವರಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಬಾಯಿ.

“ಕಷ್ಟ ಆಗುತ್ತೆ. ಆದ್ರೂ ಆಗುತ್ತೆ” ಎಂದಷ್ಟೇ ಹೇಳಿ ಕೂತರು. ಅವರ ಬದುಕಿನಲ್ಲೇ ಅತಿ ಚಿಕ್ಕ ಆ ಉಪನ್ಯಾಸಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಎಲ್ಲ ಸುಖವಾಗಿ ಮುಗಿಯಿತು ಎನ್ನುವಂತಿಲ್ಲ. ಒಂದು ಭಾನುವಾರ ಬಣ್ಣದವನು ಊಟಕ್ಕೆ ಬರಲಿಲ್ಲ. ಫೋನೂ ಎತ್ತಲಿಲ್ಲ. ಗುರುಗಳು ತಾವೇ ಹೊರಟರು. ಅವನಿದ್ದದ್ದು ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿ. ಎಲ್ಲೂ ಕೂರದೆ ಹತ್ತಿದರು. ಮೇಲೆ ಹೋಗಿ ನಿಂತ ಮೇಲೆಯೇ ಅದು ಅವರ ಗಮನಕ್ಕೆ ಬಂದದ್ದು.

ಬಣ್ಣದವನು ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ಮುಂದೆ ಅರ್ಧ ಬಾಟಲಿ. ಭಾವನನ್ನು ಕಂಡು ತಲೆ ತಗ್ಗಿಸಿ ಉಪದೇಶಕ್ಕೆ ಕಾದ. ಗುರುಗಳು ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತರು.

“ನೀವು ಹೇಗೆ ತಡ್ಕೊಂಡ್ರಿ ಭಾವ?” ಅವನೇ ಕೇಳಿದ. “ಸಂಜೆ ಆಗ್ತಿದ್ದ ಹಾಗೆ ಮೈಯೆಲ್ಲ ಎಳೆಯುತ್ತಲ್ಲ, ಆಗ ಏನು ಮಾಡ್ತಿದ್ರಿ?”

ಗುರುಗಳು ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ಆದರೂ ಕೈಲಾದಷ್ಟು ಪ್ರಯತ್ನ ಮಾಡಿದರು. “ನನಗೂ ಎಳೆಯೋದು. ತುಂಬಾ ಎಳೆಯೋದು. ಕೆಲಸದಿಂದ ಬಂದವನೇ ವಿಸ್ಕಿಯನ್ನ ಚೆನ್ನಾಗಿ ಕುದಿಸಿ, ಆರಿಸಿ, ಎರಡು ಚಮಚ ಸಕ್ಕರೆ ಹಾಕ್ಕೊಂಡು…”

“ಕುದಿಸಿ?”

“ಹೂಂ. ಕೆನೆ ಕಟ್ಟೋವರೆಗೆ.”

ಬಣ್ಣದವನು ತಲೆಯೆತ್ತಿ ಭಾವನ ಮುಖವನ್ನೇ ನೋಡಿದ. ನೋಡುತ್ತಾ ಹೋದಂತೆ ಅವನ ಮುಖದ ಮಬ್ಬು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

“ಭಾವ, ನೀವು ಯಾವತ್ತೂ ಒಂದು ತೊಟ್ಟೂ ಕುಡಿದಿಲ್ಲ ಅಲ್ವಾ?”

ಈ ಒಂದು ಮಾತಿಗಾಗಿ ಗುರುಗಳು ಎಷ್ಟು ಜನರ ಮುಂದೆ ಹಲ್ಲು ಗಿಂಜಿದ್ದರು. ಡಾಕ್ಟರರ ಮುಂದೆ, ಮಗಳ ಮುಂದೆ, ಹಾಲಿನ ಬೂತಿನವನ ಮುಂದೆ. ಹೇಳಬೇಕಾದವನು ಈಗ ಹೇಳಿದ್ದ. ಅದೂ ವಿಷಯ ಬಲ್ಲವನು.

“ಯಾರು ಹಾಗಂದಿದ್ದು?” ಗುರುಗಳು ಸಿಟ್ಟಿನಿಂದಲೇ ಕೇಳಿದರು. “ನಿನಗಿಂತ ಜಾಸ್ತಿ ಕುಡಿದಿದ್ದೀನಿ.”

“ಕೆನೆ ಸಮೇತ.”

“ಹೌದು, ಕೆನೆ ಸಮೇತ.”

ಬಣ್ಣದವನು ನಗಲು ಶುರುಮಾಡಿದ. ಚಾಪೆಯ ಮೇಲೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಗುರುಗಳು ಗಂಭೀರವಾಗಿಯೇ ಇರಲು ನೋಡಿದರು, ಆಗಲಿಲ್ಲ. ನಗುವುದು ನಿಂತ ಮೇಲೆ ಅವನು ಎದ್ದು ಮುಖ ತೊಳೆದು ಬಂದ. ಬಾಟಲಿಯನ್ನು ಚೆಲ್ಲಲಿಲ್ಲ, ಕುಡಿಯಲೂ ಇಲ್ಲ. ಮುಚ್ಚಳ ತಿರುಗಿಸಿ ಕಿಟಕಿಯ ಮೇಲಿಟ್ಟ.

“ಅಕ್ಕ ಊಟ ಇಟ್ಟಿದ್ದಾಳಾ?”

“ಆರಿ ಹೋಗಿರುತ್ತೆ. ನಡಿ, ಬಿಸಿ ಮಾಡ್ಕೊಡ್ತಾಳೆ.”

ಆಮೇಲೆ ಅವನು ಒಂದೆರಡು ಸಲ ಜಾರಿದ್ದೂ ಉಂಟು, ಎದ್ದದ್ದೂ ಉಂಟು. ಈಗ ಒಂದು ವರ್ಷದಿಂದ ನೆಟ್ಟಗಿದ್ದಾನೆ. ಗುರುಗಳ ಗುಟ್ಟನ್ನು ಮಾತ್ರ ಅವನು ಯಾರ ಬಳಿಯೂ ಬಿಟ್ಟುಕೊಟ್ಟಿಲ್ಲ. ಕೂಟಕ್ಕೆ ಹೊಸಬರು ಬಂದರೆ, “ನಮ್ಮ ಭಾವನ ಕಥೆ ಕೇಳಬೇಕು ನೀವು” ಎಂದು ಎಬ್ಬಿಸಿ ನಿಲ್ಲಿಸುತ್ತಾನೆ. ವಿಸ್ಕಿಯನ್ನು ಯಾರೂ ಕುದಿಸುವುದಿಲ್ಲ ಎಂದು ಗುರುಗಳು ಈಗ ಕಲಿತಿದ್ದಾರೆ. ಉಳಿದ ವಿವರಗಳನ್ನು ಬಸ್ಸಿನಲ್ಲಿ ಹೋಗುವಾಗ ಅವನೇ ಹೇಳಿಕೊಡುತ್ತಾನೆ.